ಮುಟ್ಟು ತಡವಾದರೆ ಮದುವೆಯೇ ಮದ್ದೇ?

ಹದಿನಾಲ್ಕು ವರ್ಷದ ಹುಡುಗಿಗೆ ಒಂದು ತಿಂಗಳು ಮುಟ್ಟು ತಪ್ಪಿತೆಂದರೆ ಸಾಕು, ಮನೆಯೊಳಗೆ ನ್ಯಾಯಾಲಯ ಕೂಡುತ್ತದೆ. ಅಜ್ಜಿ ದೃಷ್ಟಿ ತಗಲಿತೆಂದು ತಾಯಿತಕ್ಕೆ ಹೊರಡುತ್ತಾಳೆ. ನೆರೆಯವರು ಹುಡುಗಿಯ ನಡತೆಯ ಲೆಕ್ಕ ತೆಗೆಯುತ್ತಾರೆ. ಅಪ್ಪನಾದವನು "ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ" ಎಂದು ತೀರ್ಪು ಕೊಡುತ್ತಾನೆ. ಯಾರೂ ಮಾತನಾಡಿಸದವಳು ಆ ಹುಡುಗಿ ಒಬ್ಬಳೇ. ರಾಜಕೀಯ ಪತ್ರಿಕೆಗೆ ಈ ವಿಷಯ ತಕ್ಕುದಲ್ಲವೆಂದು ಮೂಗು ಮುರಿಯುವವರಿಗಾಗಿಯೇ ನಾವು ಇದನ್ನು ಬರೆಯುತ್ತಿದ್ದೇವೆ.

ಮೊದಲು ವಸ್ತುಸ್ಥಿತಿ ತಿಳಿಯೋಣ. ಹೆಚ್ಚಿನ ಹುಡುಗಿಯರು 12-13ರ ಸುಮಾರಿಗೆ ಮೈನೆರೆಯುತ್ತಾರೆ. ಕೆಲವರು 10ಕ್ಕೆ, ಕೆಲವರು 15ರ ಹೊತ್ತಿಗೆ. ಮೆದುಳು, ಅದರ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ, ಅಂಡಾಶಯ, ಇವು ಒಂದಕ್ಕೊಂದು ಹೊಂದಿಕೊಂಡು ಕೆಲಸ ಮಾಡಲು ಎರಡು ಮೂರು ವರ್ಷ ಹಿಡಿಯಬಹುದು. ಅಲ್ಲಿಯವರೆಗೆ ಎಷ್ಟೋ ತಿಂಗಳು ಅಂಡ ಬಿಡುಗಡೆಯಾಗುವುದೇ ಇಲ್ಲ. ದಿನಗಳು ಏರುಪೇರಾಗುವುದು ಅದರಿಂದ. ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನದರ ಮೊದಲ ದಿನಕ್ಕೆ 21ರಿಂದ 45 ದಿನಗಳ ಅಂತರ ಈ ವಯಸ್ಸಿಗೆ ಸಹಜವೇ. ಇದರಲ್ಲಿ ದೆವ್ವವೂ ಇಲ್ಲ, ಪಾಪವೂ ಇಲ್ಲ.

ಹಾಗೆಂದು ಎಲ್ಲವನ್ನೂ ಉಪೇಕ್ಷಿಸಬೇಕೆಂದಲ್ಲ. 15 ತುಂಬಿದರೂ ಮೈನೆರೆಯದಿದ್ದರೆ, 13 ತುಂಬಿದರೂ ಎದೆ ಬೆಳೆಯದಿದ್ದರೆ, ಆಗುತ್ತಿದ್ದ ಮುಟ್ಟು ಮೂರು ತಿಂಗಳು ನಿಂತರೆ ವೈದ್ಯರಿಗೆ ತೋರಿಸಲೇಬೇಕು. ಥೈರಾಯ್ಡ್ ದೋಷವಿರಬಹುದು. ಮುಖದಲ್ಲಿ ಕೂದಲು, ಮೊಡವೆ ಹೆಚ್ಚಾಗಿದ್ದರೆ ಪಿಸಿಓಎಸ್ ಇರಬಹುದು. ಗರ್ಭವೂ ಕಾರಣವಾಗಿರಬಹುದು, ಅದನ್ನು ಹೇಳಬೇಕಾದದ್ದು ಪರೀಕ್ಷೆ, ಬೀದಿಯ ಬಾಯಲ್ಲ. ಹಾಗಾಗಿದ್ದರೂ 18 ತುಂಬದ ಹುಡುಗಿಯನ್ನು 2012ರ ಪೋಕ್ಸೊ ಕಾನೂನು ರಕ್ಷಿಸಬೇಕಾದ ಮಗು ಎನ್ನುತ್ತದೆ. ಅವಳನ್ನೇ ಅಪರಾಧಿಯಾಗಿ ನಿಲ್ಲಿಸುವ ಅಧಿಕಾರವನ್ನು ಊರಿಗೆ ಯಾರು ಕೊಟ್ಟರು?

ಇನ್ನೊಂದು ಕಾರಣವುಂಟು, ಅದರ ಹೆಸರು ಹಸಿವು. ತಿನ್ನುವುದು ಕಡಮೆಯಾಗಿ ದುಡಿತ ಹೆಚ್ಚಾದಾಗ, ಶರೀರ ಇದ್ದ ಶಕ್ತಿಯನ್ನು ಜೀವ ಉಳಿಸಲು ಮೀಸಲಿಟ್ಟು ಮುಟ್ಟನ್ನು ನಿಲ್ಲಿಸಿಬಿಡುತ್ತದೆ. ಉಳ್ಳವರ ಮಗಳು ತೆಳ್ಳಗಾಗಲು ಊಟ ಬಿಟ್ಟರೂ ಇದೇ ಗತಿ. ಆದರೆ ಗಂಡಸರು ಉಂಡ ಮೇಲೆ ತಳದ ಅನ್ನ ಉಣ್ಣುವ ಹುಡುಗಿ ತಾನಾಗಿ ಊಟ ಬಿಟ್ಟವಳಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ. ಇವರಿಗೆ ಬೇಕಾದದ್ದು ತಾಯಿತವೋ, ಬೇಳೆ, ಸೊಪ್ಪು, ಮೊಟ್ಟೆಯೋ?

ಇನ್ನು ಮದುವೆಯ ಮದ್ದು. ಮದುವೆ ಯಾವ ಗ್ರಂಥಿಯನ್ನೂ ಗುಣಪಡಿಸದು. ಬೆಳೆಯದ ದೇಹದ ಮೇಲೆ ಬಸಿರು ಹೇರುತ್ತದೆ, ಅಷ್ಟೆ. ಅದೇ ಸಮೀಕ್ಷೆಯಲ್ಲಿ ಕರ್ನಾಟಕದ 20ರಿಂದ 24ರ ಹೆಂಗಸರ ಪೈಕಿ ನೂರಕ್ಕೆ 21 ಮಂದಿ 18 ತುಂಬುವ ಮೊದಲೇ ಮದುವೆಯಾದವರು. ಬಾಲ್ಯವಿವಾಹ ಆರಂಭದಿಂದಲೇ ಅಸಿಂಧುವೆಂದು ರಾಜ್ಯದ 2016ರ ತಿದ್ದುಪಡಿ ಸಾರಿದೆ. ಕಾನೂನು ಕಡತದಲ್ಲಿದೆ, ಚಪ್ಪರ ಅಂಗಳದಲ್ಲಿದೆ!

ಇನ್ನೊಂದು ವಿಚಿತ್ರ ನೋಡಿ. ಜಾತ್ರೆಗೆ, ಪೂಜೆಗೆ ಅಡ್ಡಿಯಾಗದಿರಲೆಂದು ಔಷಧದಂಗಡಿಯಿಂದ ಮಾತ್ರೆ ತಂದು, ವೈದ್ಯರ ಮಾತಿಲ್ಲದೆ ಮುಟ್ಟನ್ನು ಮುಂದೂಡುವ ಮನೆಗಳೇ, ಅದು ತಾನಾಗಿ ತಡವಾದಾಗ ಕುಲ ಕೆಟ್ಟಿತೆಂದು ಬೊಬ್ಬೆ ಹಾಕುತ್ತವೆ. ಬಂದರೆ ಮೈಲಿಗೆ, ಬಾರದಿದ್ದರೆ ಕಳಂಕ. ಹಾಗಾದರೆ ಹುಡುಗಿ ಎಲ್ಲಿ ನಿಲ್ಲಬೇಕು?

ಸರಕಾರ ಕೈತೊಳೆದುಕೊಳ್ಳುವಂತಿಲ್ಲ. 2014ರಲ್ಲಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಆರಂಭವಾಯಿತು. ಹದಿಹರೆಯದವರಿಗಾಗಿ ಸ್ನೇಹಾ ಕ್ಲಿನಿಕ್ ಎಂಬ ಫಲಕಗಳೂ ಬಂದವು. ಫಲಕದ ಕೆಳಗೆ ಹುಡುಗಿ ನಾಚದೆ ಮಾತನಾಡಬಲ್ಲ ಒಬ್ಬ ಹೆಂಗಸು ಕುಳಿತಿರಬೇಡವೇ? ಹಳ್ಳಿಯಿಂದ ಅಲ್ಲಿಗೆ ಹೋಗಲು ಬಸ್ಸು ಬೇಡವೇ? ನಾವೂ ಶಾಲೆಯಲ್ಲಿ ಪಾಠ ಹೇಳಿದವರು. ಹದಿಹರೆಯದ ಪಾಠ ಬಂದೊಡನೆ "ಮನೆಯಲ್ಲಿ ಓದಿಕೊಳ್ಳಿ" ಎಂದು ಪುಟ ಮಗುಚುವ ಮಾಸ್ತರರನ್ನು ಬಲ್ಲೆವು. ಆ ಪಾಠವನ್ನು ಹುಡುಗ ಹುಡುಗಿಯರಿಬ್ಬರಿಗೂ ಹೇಳಲೇಬೇಕು.

ತಾಯಂದಿರಲ್ಲಿ ನಮ್ಮದೊಂದು ಬಿನ್ನಹ. ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲಿಯೇ ಮಗಳು ತನ್ನ ದಿನವನ್ನೂ ಗುರುತು ಹಾಕಲಿ. ವೈದ್ಯರು ಮೊದಲು ಕೇಳುವುದು ಅದನ್ನೇ. ತಂದೆಯಂದಿರಿಗೆ ಹೇಳುವುದಿಷ್ಟೆ: ಮುಟ್ಟು ತಪ್ಪಿದ ಮಗಳಿಗೆ ಗಂಡು ಹುಡುಕಬೇಡಿ, ಹೊಟ್ಟೆ ತುಂಬ ಊಟ ಹಾಕಿ, ಬೇಕಾದಾಗ ಆಸ್ಪತ್ರೆಗೆ ಕರೆದೊಯ್ಯಿರಿ, ಶಾಲೆ ಬಿಡಿಸಬೇಡಿ.