ತಪ್ಪು ಹುಡುಕುವ ನಾಕಾ

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಬಂಕಾಪುರದ ಹತ್ತಿರ ಒಂದು ಟೋಲ್ ನಾಕಾ ಇದೆ. ಲಾರಿಗೆ ಎಷ್ಟು, ಕಾರಿಗೆ ಎಷ್ಟು ಎಂದು ಅಲ್ಲಿ ಫಲಕದ ಮೇಲೆ ಬರೆದಿರುತ್ತದೆ. ಹಣ ಕಟ್ಟಿದವನಿಗೆ ಗೇಟು ತೆರೆಯುತ್ತದೆ. ನಮ್ಮ ಮಕ್ಕಳು ದಾಟಬೇಕಾದ ಇನ್ನೊಂದು ನಾಕಾ ಇದೆ. ಅದಕ್ಕೆ ದರದ ಫಲಕವಿಲ್ಲ. ವರ್ಷಗಟ್ಟಲೆ ಹಣ ಕಟ್ಟಿದರೂ ಗೇಟು ತೆರೆದೀತೆಂಬ ಭರವಸೆಯಿಲ್ಲ. ಅದು ನೌಕರಿ ಪರೀಕ್ಷೆಗಳಲ್ಲಿ ಬರುವ, ಇಂಗ್ಲೀಷು ವಾಕ್ಯದ ತಪ್ಪು ಹುಡುಕುವ ಪ್ರಶ್ನೆ.

ಮಕ್ಕಳ ಪುಸ್ತಕ ತೆರೆದು ನೋಡಲು ಪುರಸತ್ತಿಲ್ಲದ ಗಿರಣಿ ಬಂಧುಗಳಿಗೂ ಅಂಗಡಿಕಾರ ಮಿತ್ರರಿಗೂ ಇದೇನೆಂದು ಮೊದಲು ಹೇಳಿಬಿಡುತ್ತೇವೆ. ಒಂದು ಇಂಗ್ಲೀಷು ವಾಕ್ಯವನ್ನು ಮೂರೋ ನಾಲ್ಕೋ ತುಂಡು ಮಾಡಿ ಕೊಡುತ್ತಾರೆ. ಯಾವ ತುಂಡಿನಲ್ಲಿ ತಪ್ಪಿದೆಯೆಂದು ಹುಡುಕಿ ಗುರುತು ಹಾಕಬೇಕು. ಏಕೆ ತಪ್ಪು ಎಂದು ಯಾರೂ ಕೇಳುವುದಿಲ್ಲ, ಸರಿಯಾದದ್ದನ್ನು ಬರೆ ಎಂದೂ ಹೇಳುವುದಿಲ್ಲ. ಇದನ್ನು ರೂಢಿಸಿಕೊಳ್ಳುವುದಕ್ಕೆಂದು ಬಂಕಾಪುರ, ಸವಣೂರು, ಶಿಗ್ಗಾವಿಯಂಥ ಊರುಗಳ ಹುಡುಗ ಹುಡುಗಿಯರು ಧಾರವಾಡದ ಕೋಚಿಂಗ್ ಕ್ಲಾಸುಗಳಿಗೆ ಹೋಗಿ ಬಾಡಿಗೆ ಕೋಣೆಗಳಲ್ಲಿ ಕೂತು ತಿಂಗಳುಗಟ್ಟಲೆ ಕಣ್ಣು ಸವೆಸುತ್ತಾರೆ. ಆ ಖರ್ಚು ಅಪ್ಪನ ರಾತ್ರಿ ಪಾಳಿಯ ದುಡಿಮೆಯಿಂದ, ಇಲ್ಲವೆ ಅಂಗಡಿಯ ಕಿರ್ದಿಯಲ್ಲಿ ಬರೆಯದ ಸಾಲದಿಂದ ಹುಟ್ಟುತ್ತದೆ.

ನಮ್ಮ ತಕರಾರು ಇಂಗ್ಲೀಷಿನ ಮೇಲಲ್ಲ. ಕಲಿಯುವವರು ಕಲಿಯಲಿ, ಚೆನ್ನಾಗಿ ಕಲಿಯಲಿ. ಭಾಷೆಯನ್ನು ಕಲಿಸದೆ, ಭಾಷೆಯ ಹೆಸರಿನಲ್ಲಿ ಬಡವರ ಮಕ್ಕಳನ್ನು ಜರಡಿ ಹಿಡಿಯುವ ಏರ್ಪಾಡಿನ ಮೇಲೆ ನಮ್ಮ ತಕರಾರು.

ಜರಡಿಯ ಕಣ್ಣು ಎಷ್ಟು ಸಣ್ಣದು?

ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗವು ಪದವೀಧರರಿಗೆ ನಡೆಸುವ ಪರೀಕ್ಷೆಯನ್ನು ನೋಡಿರಿ. ಮೊದಲ ಹಂತದ 100 ಪ್ರಶ್ನೆಗಳಲ್ಲಿ 25 ಇಂಗ್ಲೀಷಿಗೆ. 2022ರಲ್ಲಿ ಬದಲಾದ ಪದ್ಧತಿಯಂತೆ ಎರಡನೆಯ ಹಂತದಲ್ಲಿ ಗಣಿತಕ್ಕೆ 90 ಅಂಕ, ತರ್ಕಕ್ಕೆ 90, ಸಾಮಾನ್ಯ ಜ್ಞಾನಕ್ಕೆ 75, ಇಂಗ್ಲೀಷಿಗೆ 135! ಲೆಕ್ಕ ಬಲ್ಲವನಿಗಿಂತ, ದೇಶ ಬಲ್ಲವನಿಗಿಂತ ಇಂಗ್ಲೀಷು ಬಲ್ಲವನು ದೊಡ್ಡವನೆಂದು ಸರಕಾರವೇ ತೂಕ ಮಾಡಿ ಹೇಳಿದಂತಾಯಿತು. ತಪ್ಪು ಉತ್ತರಕ್ಕೆ ಅಂಕ ಕಡಿತ ಬೇರೆ. ಅದೇ 2022ರಲ್ಲಿ ಪ್ರಬಂಧ, ಪತ್ರ ಬರೆಸುತ್ತಿದ್ದ ಪತ್ರಿಕೆಯನ್ನು ಕೈಬಿಟ್ಟರು. ಬರೆಯುವುದು ಹೋಯಿತು, ಗುರುತು ಹಾಕುವುದು ಉಳಿಯಿತು.

ಬ್ಯಾಂಕಿನ ಗುಮಾಸ್ತರ ಪರೀಕ್ಷೆಗೆ ಬನ್ನಿ. ಪೂರ್ವಭಾವಿಯಲ್ಲಿ ಇಂಗ್ಲೀಷಿನ 30 ಪ್ರಶ್ನೆಗಳಿಗೆ 20 ನಿಮಿಷ. ಅಂದರೆ ಒಂದು ಪ್ರಶ್ನೆಗೆ 40 ಸೆಕೆಂಡು. ನಿಯಮವನ್ನು ನೆನಪಿಗೆ ತಂದುಕೊಂಡು ಯೋಚಿಸಿ ಉತ್ತರಿಸಲು ಇಷ್ಟು ಹೊತ್ತು ಸಾಲುತ್ತದೆಯೇ? ಸಾಲುವುದಿಲ್ಲ. ಕಿವಿಗೆ ಅಪಸ್ವರ ಕೇಳಿದೊಡನೆ ಬೆರಳು ಒತ್ತಬೇಕು. ಇಲ್ಲಿಯೇ ಇದರ ಗುಟ್ಟಿದೆ.

ಕಿವಿಯ ಆಸ್ತಿ

ತಾಯಿನುಡಿಯ ತಪ್ಪನ್ನು ಯಾರೂ ವ್ಯಾಕರಣ ಓದಿ ಹಿಡಿಯುವುದಿಲ್ಲ. ‘ಎತ್ತುಗಳು ಬಂದಿತು’ ಎಂದು ಯಾರಾದರೂ ಅಂದರೆ, ಎಂದೂ ಶಾಲೆಯ ಮೆಟ್ಟಿಲು ಹತ್ತದ ಒಕ್ಕಲಿಗನೂ ನಗುತ್ತಾನೆ. ಅವನಿಗೆ ಸೂತ್ರ ಗೊತ್ತಿಲ್ಲ, ಕಿವಿಗೆ ಗೊತ್ತಿದೆ. ಹಾಗೆಯೇ ಮನೆಯಲ್ಲಿ ಇಂಗ್ಲೀಷು ಆಡುವ, ದೊಡ್ಡ ಫೀ ಕಟ್ಟಿ ಇಂಗ್ಲೀಷು ಶಾಲೆಗೆ ಹೋದ ಮಗುವಿಗೆ ಈ 40 ಸೆಕೆಂಡು ಧಾರಾಳವಾಯಿತು. ಆ ಕಿವಿ ಅದಕ್ಕೆ ಅಪ್ಪನಿಂದ ಬಂದ ಆಸ್ತಿ. ಹತ್ತಿ ಗಿರಣಿಯ ಸದ್ದಿನ ನೆರಳಲ್ಲಿ, ಸಂತೆಯ ಗದ್ದಲದಲ್ಲಿ ಬೆಳೆದ ಮಗು ಆ ಕಿವಿಯನ್ನು ಸೂತ್ರ ಸೂತ್ರವಾಗಿ, ಕಂತು ಕಂತಾಗಿ ಕೊಂಡುಕೊಳ್ಳಬೇಕು. ಹೊಲವನ್ನು ಆಸ್ತಿಯಾಗಿ ಪಡೆದವನಿಗೂ ಗೇಣಿಗೆ ಹಿಡಿದವನಿಗೂ ಒಂದೇ ದಿನ ಒಂದೇ ರಾಶಿ ತೋರಿಸು ಎಂದರೆ ಅದು ಸ್ಪರ್ಧೆಯೇ? ಇದನ್ನೇ ‘ಅರ್ಹತೆ’ ಎನ್ನುತ್ತಾರೆ!

ನಮ್ಮ ಮಕ್ಕಳು ಮಾಡುವ ತಪ್ಪು ದಡ್ಡತನದ್ದಲ್ಲ. ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್’ ಎಂದು ಹುಡುಗಿ ಬರೆಯುತ್ತಾಳೆ. ಪರೀಕ್ಷಕನಿಗೆ ಇದರಲ್ಲಿ ಎರಡು ತಪ್ಪು. ‘ಐ ಹ್ಯಾವ್ ಬೀನ್ ವರ್ಕಿಂಗ್’ ಎನ್ನಬೇಕಿತ್ತು, ‘ಸಿನ್ಸ್’ ಬದಲು ‘ಫಾರ್’ ಎನ್ನಬೇಕಿತ್ತು. ಆದರೆ ಕನ್ನಡದಲ್ಲಿ ‘ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ’ ಎನ್ನುತ್ತೇವೆ, ‘ಸೋಮವಾರದಿಂದ ಕೆಲಸ ಮಾಡುತ್ತಿದ್ದೇನೆ’ ಎಂದೂ ಎನ್ನುತ್ತೇವೆ. ಒಂದೇ ‘ಇಂದ’ ಎರಡು ಕೆಲಸ ಮಾಡುತ್ತದೆ. ಇಂಗ್ಲೀಷಿನಲ್ಲಿ ಶುರುವಾದ ಗಳಿಗೆಗೆ ‘ಸಿನ್ಸ್’, ಕಳೆದ ಅವಧಿಗೆ ‘ಫಾರ್’. ‘ವಿ ಡಿಸ್ಕಸ್ಡ್ ಅಬೌಟ್ ದಿ ಮ್ಯಾಟರ್’ ಎಂಬುದೂ ಹೀಗೆಯೇ. ನಾವು ವಿಷಯದ ‘ಬಗ್ಗೆ’ ಚರ್ಚಿಸುತ್ತೇವೆ, ಇಂಗ್ಲೀಷಿನವನು ವಿಷಯವನ್ನೇ ಚರ್ಚಿಸುತ್ತಾನೆ. ಅವನಿಗೆ ‘ಅಬೌಟ್’ ಬೇಡ. ಹುಡುಗಿಯ ಕನ್ನಡ ಗಟ್ಟಿಯಾಗಿದೆ ಎಂಬುದಕ್ಕೆ ಈ ತಪ್ಪುಗಳೇ ಸಾಕ್ಷಿ.

ಇದನ್ನು ಒಂದು ಸಂಜೆಯಲ್ಲಿ ಕನ್ನಡದ ಮೂಲಕ ತಿಳಿಸಬಹುದು. ಅಷ್ಟೇ ಅಲ್ಲ, ಎಷ್ಟೋ ಕಡೆ ಕನ್ನಡವೇ ಕೈಹಿಡಿದು ನಡೆಸುತ್ತದೆ. ಪರೀಕ್ಷೆಯವರಿಗೆ ಬಲು ಪ್ರೀತಿಯ ವಾಕ್ಯ ‘ವನ್ ಆಫ್ ದಿ ಬಾಯ್ಸ್ ಆರ್ ಆಬ್ಸೆಂಟ್’. ‘ಹುಡುಗರಲ್ಲಿ ಒಬ್ಬ ಬಂದಿಲ್ಲ’ ಎಂದು ಕನ್ನಡದಲ್ಲಿ ಹೇಳಿಕೊಳ್ಳಿರಿ. ಹುಡುಗರು ಹಲವರು, ಬಾರದವನು ಒಬ್ಬ. ಆದ್ದರಿಂದ ‘ಬಾಯ್ಸ್’ ಸರಿ, ‘ಆರ್’ ತಪ್ಪು, ‘ಇಸ್’ ಬೇಕು. ‘ಆಲ್ದೋ’ ಎಂದು ಶುರುಮಾಡಿ ನಡುವೆ ‘ಬಟ್’ ಹಾಕುವುದೂ ಇಂಥದೇ. ‘ಮಳೆ ಬಂದರೂ ಹೋದೆವು’ ಎಂದ ಮೇಲೆ ನಡುವೆ ‘ಆದರೆ’ ಏಕೆ? ಎರಡು ಭಾಷೆಗಳಲ್ಲೂ ಒಂದು ಸೇತುವೆ ಸಾಕು. ‘ಎ’, ‘ದಿ’ಗಳ ತೊಡಕೂ ಪೂರಾ ಪರಕೀಯವಲ್ಲ. ‘ಪುಸ್ತಕ ಕೊಂಡೆ’ ಎಂದರೆ ಯಾವುದೋ ಒಂದು ಪುಸ್ತಕ. ‘ಪುಸ್ತಕವನ್ನು ಕೊಟ್ಟೆ’ ಎಂದರೆ ಕೇಳುವವನಿಗೆ ಗೊತ್ತಿರುವ ಪುಸ್ತಕ ಎಂಬ ಛಾಯೆ ಬರುತ್ತದೆ. ಆ ಛಾಯೆಯನ್ನು ಹಿಡಿದರೆ ‘ದಿ’ ಅರ್ಧ ಕೈಗೆ ಬಂದಂತೆ.

ಹೀಗೆ ಏಕೆ ಕಲಿಸುವುದಿಲ್ಲ? 1930ರ ದಶಕದಲ್ಲಿ ರೆನ್ ಮತ್ತು ಮಾರ್ಟಿನ್ ಬರೆದ ವ್ಯಾಕರಣವೇ ಇಂದಿಗೂ ಅಂಗಡಿಗಳ ಕಪಾಟಿನಲ್ಲಿ ಮೆರೆಯುತ್ತಿದೆ. ಕಲಿಯುವವನಿಗೆ ಇನ್ನೊಂದು ಭಾಷೆ ಪೂರ್ಣವಾಗಿ ಬರುತ್ತದೆಂಬ ಗೌರವ ಅಂಥ ಪುಸ್ತಕಗಳಲ್ಲಿಲ್ಲ. ಮತ್ತೆ, ಗುಟ್ಟು ಒಂದು ಸಂಜೆಯಲ್ಲಿ ತಿಳಿದುಬಿಟ್ಟರೆ ಕೋಚಿಂಗ್ ವ್ಯಾಪಾರದ ಗತಿಯೇನು?

ಬಂಕೆಯನ ಊರಿನಿಂದ ಒಂದು ಪ್ರಶ್ನೆ

ವ್ಯಾಕರಣ ನಮಗೆ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ದಂಡನಾಯಕನಾಗಿದ್ದ ಬಂಕೆಯನ ಹೆಸರಿನಿಂದಲೇ ಬಂಕಾಪುರವಾಯಿತು. ಅದೇ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ದ ಮೊದಲ ಪರಿಚ್ಛೇದದ ವಿಷಯವೇ ದೋಷ ಯಾವುದು, ದೋಷವಲ್ಲದ್ದು ಯಾವುದು ಎಂಬ ವಿಚಾರ. ವಾಕ್ಯದ ತಪ್ಪು ಹುಡುಕುವ ವಿದ್ಯೆ ಈ ನೆಲದಲ್ಲಿ ಸಾವಿರ ವರ್ಷಕ್ಕೂ ಮಿಕ್ಕಿ ಹಳೆಯದು. ಆದರೆ ಅಲ್ಲಿ ತಪ್ಪು ಹುಡುಕಿದ್ದು ನುಡಿಯನ್ನು ಹಸನು ಮಾಡುವುದಕ್ಕೆ. ಓದುಬರಹ ಕಲಿಯದವರೂ ಕಾವ್ಯದಲ್ಲಿ ಪಳಗಿದವರಾಗಿದ್ದಾರೆ ಎಂದು ಆ ಗ್ರಂಥ ಹೆಮ್ಮೆಪಟ್ಟಿತೇ ಹೊರತು ಅವರನ್ನು ಬಾಗಿಲಿನಿಂದ ಅಟ್ಟಲಿಲ್ಲ.

ಇನ್ನು ಪಕ್ಕದ ಸವಣೂರು. 1909ರಲ್ಲಿ ಅಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು ಇಂಗ್ಲೀಷಿನ ಪ್ರಾಧ್ಯಾಪಕರು. ಆಕ್ಸ್‌ಫರ್ಡಿನಲ್ಲಿ ಓದಿದವರು, ಹೈದರಾಬಾದಿನ ಕೇಂದ್ರೀಯ ಇಂಗ್ಲೀಷು ಸಂಸ್ಥೆಯ ನಿರ್ದೇಶಕರಾಗಿದ್ದವರು. ಅವರ ಅಧ್ಯಕ್ಷತೆಯ ಸಮಿತಿಯೇ 1981ರಲ್ಲಿ, ಪ್ರೌಢಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಲೆಂದು ವರದಿ ಕೊಟ್ಟಿತು. 1982ರಲ್ಲಿ ನಾಡೆಲ್ಲ ಎದ್ದದ್ದು ಆ ವರದಿಗಾಗಿ. ಇಂಗ್ಲೀಷನ್ನು ಆಳವಾಗಿ ಬಲ್ಲವರಿಗೆ ಕನ್ನಡದ ಭಯವಿಲ್ಲ, ಕನ್ನಡದ ಪರ ನಿಂತವರಿಗೆ ಇಂಗ್ಲೀಷಿನ ದ್ವೇಷ ಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕೆ? ಲೋಹಿಯಾ ಅವರು ಇಂಗ್ಲೀಷನ್ನು ಸಾರ್ವಜನಿಕ ಬಳಕೆಯಿಂದ ಇಳಿಸಿರೆಂದಾಗಲೂ ಅವರ ಏಟು ಬಿದ್ದದ್ದು ಒಂದು ಭಾಷೆಯನ್ನು ಬೇಲಿ ಮಾಡಿಕೊಂಡು ಒಳಗೆ ಕೂತವರ ಮೇಲೆ.

ತಪ್ಪು ಹಿಡಿಯುವವರ ತಪ್ಪು

ನಮ್ಮ ಮಕ್ಕಳ ಒಂದು ‘ಸಿನ್ಸ್’, ಒಂದು ‘ಫಾರ್’ಗೆ ಅಂಕ ಕತ್ತರಿಸುವ ಈ ವ್ಯವಸ್ಥೆಯ ಕನ್ನಡ ಹೇಗಿದೆ? ಕರ್ನಾಟಕ ಲೋಕಸೇವಾ ಆಯೋಗವು 384 ಹುದ್ದೆಗಳಿಗಾಗಿ 2024ರ ಆಗಸ್ಟ್ 27ರಂದು ಪೂರ್ವಭಾವಿ ಪರೀಕ್ಷೆ ನಡೆಸಿತು. ಇಂಗ್ಲೀಷಿನಿಂದ ಕನ್ನಡಕ್ಕೆ ಇಳಿಸಿದ ಪ್ರಶ್ನೆಗಳಲ್ಲಿ ಎಷ್ಟು ತಪ್ಪುಗಳಿದ್ದವೆಂದರೆ ಸರಕಾರವೇ ಮರುಪರೀಕ್ಷೆಗೆ ಆದೇಶಿಸಬೇಕಾಯಿತು. ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಯಿತು. ಅದರಲ್ಲಿಯೂ ಅನುವಾದದ ದೋಷಗಳಿವೆಯೆಂದು ಅಭ್ಯರ್ಥಿಗಳು ಬೀದಿಗಿಳಿದರು. ಕನ್ನಡ ರಾಜ್ಯದ ಆಯೋಗದ ಕನ್ನಡ ತಪ್ಪಿದರೆ ಅದು ‘ಅನುವಾದದ ಸಣ್ಣ ಲೋಪ’. ಬಂಕಾಪುರದ ಹುಡುಗಿಯ ಇಂಗ್ಲೀಷು ತಪ್ಪಿದರೆ ಅದು ‘ಅನರ್ಹತೆ’. ಈ ಎರಡು ತಕ್ಕಡಿಗಳನ್ನು ಯಾವ ಅಂಗಡಿಕಾರ ಇಟ್ಟರೂ ತೂಕ ಅಳತೆ ಇಲಾಖೆಯವರು ಮರುದಿನವೇ ಬಾಗಿಲಿಗೆ ಬಂದಾರು!

ಹಳ್ಳಿಯ ಬ್ಯಾಂಕಿಗೆ ಯಾವ ಭಾಷೆ?

ಧಾರವಾಡದಲ್ಲಿ ಕೇಂದ್ರ ಕಚೇರಿಯಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಂದು ಬಳ್ಳಾರಿಯ ಬ್ಯಾಂಕಿನೊಡನೆ ಕೂಡಿ ಕರ್ನಾಟಕ ಗ್ರಾಮೀಣ ಬ್ಯಾಂಕಾಯಿತು. ಹೆಸರೇ ಹೇಳುವಂತೆ ಇದು ಹಳ್ಳಿಯ ಬ್ಯಾಂಕು. ಇದರ ಗುಮಾಸ್ತ ದಿನವಿಡೀ ಮಾತಾಡುವುದು ಮೆಣಸಿನಕಾಯಿ ಬೆಳೆದ ರೈತನೊಡನೆ, ಸ್ವಸಹಾಯ ಸಂಘದ ತಾಯಂದಿರೊಡನೆ, ಕಿರಾಣಿ ಅಂಗಡಿಯವನೊಡನೆ. ಎಲ್ಲವೂ ಕನ್ನಡದಲ್ಲಿ. ಆದರೆ ಗ್ರಾಮೀಣ ಬ್ಯಾಂಕುಗಳ 200 ಅಂಕಗಳ ಮುಖ್ಯ ಪರೀಕ್ಷೆಯಲ್ಲಿ ಭಾಷೆಗೆ 40 ಅಂಕ. ಆಯ್ಕೆ ಎರಡೇ: ಇಂಗ್ಲೀಷು, ಇಲ್ಲವೆ ಹಿಂದಿ! ಸ್ಥಳೀಯ ಭಾಷೆ ಬರಬೇಕೆಂಬ ನಿಯಮ ಉಂಟು, ನಿಜ. ಆದರೆ ಆ 40 ಅಂಕದಲ್ಲಿ ಅದಕ್ಕೆ ಒಂದು ಅಂಕವೂ ಇಲ್ಲ. ಕನ್ನಡ ಬಾಗಿಲಲ್ಲಿ ಕೇಳುವ ಗುರುತಿನ ಚೀಟಿಯಾಯಿತು, ಒಳಗೆ ಬೆಲೆಯಿರುವ ನಾಣ್ಯವಾಗಲಿಲ್ಲ.

ಅರೆಸೇನಾ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆಯಲ್ಲೂ ಇದೇ ಕಥೆ. 2024ರಿಂದ ಪ್ರಶ್ನೆಗಳು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ಬರುತ್ತವೆ. ಜನ ಕೂಗಿದ್ದರಿಂದ ದೊರೆತ ಫಲವಿದು, ಸಣ್ಣದಲ್ಲ. ಆದರೂ 160 ಅಂಕಗಳಲ್ಲಿ ಭಾಷೆಯ 40 ಅಂಕ ಇಂಗ್ಲೀಷು ಅಥವಾ ಹಿಂದಿಗೇ ಮೀಸಲು. ಹಿಂದಿಯ ಹುಡುಗನಿಗೆ ತಾಯಿನುಡಿಯಲ್ಲಿ 40 ಅಂಕ, ಕನ್ನಡದ ಹುಡುಗನಿಗೆ ಪರನುಡಿಯಲ್ಲಿ 40 ಅಂಕ. ಒಂದೇ ದೇಶ, ಒಂದೇ ಬಂದೂಕು, ಎರಡು ನ್ಯಾಯ.

‘ಹಾಗಾದರೆ ನಮ್ಮ ಮಕ್ಕಳು ಹಿಂದೆ ಬೀಳಲಿ ಎನ್ನುತ್ತೀರಾ?’ ಎಂದು ಅಂಗಡಿಕಾರ ಮಿತ್ರರು ಕೇಳಬಹುದು. ಇಲ್ಲ. ಸಾಲದ ಕರಾರಿನ ಸಣ್ಣ ಅಕ್ಷರಗಳನ್ನು ಓದುವ, ಜಿ.ಎಸ್.ಟಿ. ನೋಟೀಸಿಗೆ ಉತ್ತರ ಬರೆಯುವ, ಗಿರಣಿಯ ಆಡಳಿತ ವರ್ಗ ಮುಂದಿಟ್ಟ ಕಾಗದಕ್ಕೆ ಸಹಿ ಹಾಕುವ ಮೊದಲು ಅರ್ಥಮಾಡಿಕೊಳ್ಳುವ ಇಂಗ್ಲೀಷು ನಮಗೆ ಬೇಕು. ಅದು ಆಯುಧ. ತುಂಡು ವಾಕ್ಯಕ್ಕೆ ಗುರುತು ಹಾಕುವುದರಿಂದ ಆ ಆಯುಧ ಕೈಗೆ ಬರುವುದಿಲ್ಲ. ಇಂಥ ಸಾವಿರ ಪ್ರಶ್ನೆ ಬಿಡಿಸಿದವನೂ ಒಂದು ಅರ್ಜಿ ಬರೆಯಲು ಕೂತಾಗ ಬೆವರುತ್ತಾನೆ.

ಬಂಕಾಪುರಕ್ಕೆ ಹತ್ತಿರದ ಬಾಡದಲ್ಲಿ ಹುಟ್ಟಿದ ಕನಕದಾಸರ ರಾಮಧಾನ್ಯಚರಿತೆಯನ್ನು ಬಲ್ಲಿರಷ್ಟೆ. ಅಕ್ಕಿ ಹೆಚ್ಚೋ ರಾಗಿ ಹೆಚ್ಚೋ ಎಂಬ ವ್ಯಾಜ್ಯ ಬಂದಾಗ ರಾಮ ಅವುಗಳ ಬಣ್ಣ ನೋಡಿ ತೀರ್ಪು ಕೊಡಲಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿದ. ತಾಳಿಕೊಂಡದ್ದು ರಾಗಿ. ಪರೀಕ್ಷೆಯೆಂದರೆ ಅದು: ಬೇಕಾದ ಗುಣವನ್ನೇ ಅಳೆಯುವುದು. ಇಂದಿನ ಪರೀಕ್ಷೆ ಅಕ್ಕಿಯ ಬಿಳುಪನ್ನೇ ಅಳೆಯುತ್ತದೆ.

ಆದ್ದರಿಂದ ನಮ್ಮ ಬೇಡಿಕೆಗಳು:

1. ಗ್ರಾಮೀಣ ಬ್ಯಾಂಕು, ಕಾನ್‌ಸ್ಟೇಬಲ್ ಮೊದಲಾದ ಪರೀಕ್ಷೆಗಳ ಭಾಷಾ ವಿಭಾಗದಲ್ಲಿ ಇಂಗ್ಲೀಷು, ಹಿಂದಿಗಳ ಜೊತೆಗೆ ಕನ್ನಡವನ್ನು ಸಮಾನ ಅಂಕದ ಆಯ್ಕೆಯಾಗಿ ಇಡಬೇಕು.

2. ಇಂಗ್ಲೀಷು ನಿಜವಾಗಿಯೂ ಬೇಕಾದ ಹುದ್ದೆಗಳಿಗೆ ಪತ್ರ ಬರೆಯಿಸಿ, ಕಾಗದ ಓದಿಸಿ ಪರೀಕ್ಷಿಸಬೇಕು. ಅದು ತೇರ್ಗಡೆಯ ಮಟ್ಟಿಗಿರಲಿ, ಆಯ್ಕೆಯ ಅಂಕಕ್ಕೆ ಸೇರದಿರಲಿ.

3. ರಾಜ್ಯದ ಪರೀಕ್ಷೆಗಳ ಪ್ರಶ್ನೆಗಳನ್ನು ಮೊದಲು ಕನ್ನಡದಲ್ಲಿ ತಯಾರಿಸಿ, ಆಮೇಲೆ ಇಂಗ್ಲೀಷಿಗೆ ಅನುವಾದಿಸಬೇಕು.

4. ಸರಕಾರಿ ಶಾಲೆಗಳಲ್ಲಿ ಇಂಗ್ಲೀಷು ವ್ಯಾಕರಣವನ್ನು ಕನ್ನಡದೊಡನೆ ಹೋಲಿಸಿ ಕಲಿಸುವ ಪುಸ್ತಕವನ್ನು ಸರಕಾರವೇ ಅಚ್ಚು ಹಾಕಿಸಬೇಕು.

ಬೇಡಿಕೆ ಈಡೇರುವವರೆಗೆ ಕೈಕಟ್ಟಿ ಕೂಡುವುದೂ ಸಲ್ಲದು. ಈ ವರ್ಷ ಪರೀಕ್ಷೆಗೆ ಕೂಡುವ ಮಗುವಿಗೆ ಈ ವರ್ಷವೇ ನೆರವು ಬೇಕು. ಗಿರಣಿ ಸಂಘದ ಕಚೇರಿಯಲ್ಲಿ, ಊರಿನ ಗ್ರಂಥಾಲಯದಲ್ಲಿ ವಾರಕ್ಕೆರಡು ಸಂಜೆ ಪುಕ್ಕಟೆ ವರ್ಗ ನಡೆಯಲಿ. ನಿವೃತ್ತ ಶಿಕ್ಷಕರು ಮುಂದೆ ಬರಲಿ. ಪ್ರತಿಯೊಬ್ಬರೂ ದಿನಕ್ಕೆ ಐದು ವಾಕ್ಯ ತಾವೇ ಬರೆದು ತರಲಿ. ತಪ್ಪು ಕಂಡಲ್ಲಿ ಆ ಮಾತನ್ನು ಕನ್ನಡದಲ್ಲಿ ಹೇಗೆ ಹೇಳುತ್ತೇವೆ, ಇಂಗ್ಲೀಷಿನವನು ಎಲ್ಲಿ ಹೊರಳುತ್ತಾನೆ ಎಂದು ಎರಡನ್ನೂ ಪಕ್ಕಪಕ್ಕದಲ್ಲಿ ಬರೆದಿಡಲಿ. ಹೊಸ ನಿಯಮ ತಿಳಿದವನು ಮರುದಿನ ಇನ್ನೊಬ್ಬನಿಗೆ ಹೇಳಿಕೊಡಲಿ. ಅಂಗಡಿಕಾರರು ಒಂದು ಕಪ್ಪುಹಲಗೆ, ಒಂದು ಡಬ್ಬಿ ಸುಣ್ಣದ ಕಡ್ಡಿ ಕೊಟ್ಟರೆ ಸಾಕು, ವರ್ಗ ಶುರುವಾಗುತ್ತದೆ.

ನಮ್ಮ ಮಕ್ಕಳು ಇಂಗ್ಲೀಷಿನ ತಪ್ಪನ್ನು ಹುಡುಕುವುದನ್ನು ಕಲಿಯುತ್ತಾರೆ, ಅದೇನು ದೊಡ್ಡದಲ್ಲ. ಜೊತೆಗೆ ಈ ಪರೀಕ್ಷೆಯ ತಪ್ಪನ್ನೂ ಹುಡುಕಲು ಕಲಿಯಲಿ. ಅದನ್ನು ತಿದ್ದಿಸುವ ಕೆಲಸ ನಮ್ಮ ನಿಮ್ಮೆಲ್ಲರದು.