ಬರೀ ಬೆಲೆ ಹಾಕಿದರೆ ಯಾರು ನೋಡ್ತಾರೆ?

ಮನೆಯಲ್ಲೇ ಚಟ್ನಿಪುಡಿ, ಸಾರಿನಪುಡಿ ಮಾಡಿ ಮಾರುತ್ತೀರಾ? ವಾಟ್ಸಾಪ್ ಸ್ಟೇಟಸ್‌ಗೆ ದಿನಾ ಅದೇ ಡಬ್ಬಿ, ಅದೇ ಬೆಲೆ ಹಾಕಿ ‘ಯಾರೂ ಕೇಳ್ತಾನೇ ಇಲ್ಲ’ ಅಂತ ಬೇಸರಪಟ್ಟರೆ ಹೇಗೆ? ಹೊಸ ವಿಷಯ ಎಲ್ಲಿಂದ ತರೋದು ಅಂತೀರಾ? ಗಿರಾಕಿಗಳು ಫೋನಿನಲ್ಲಿ ಕೇಳುವ ಪ್ರಶ್ನೆಗಳನ್ನೇ ಬರೆದಿಡಿ. ‘ಇಷ್ಟು ಕೆಂಪಗಿದೆಯಲ್ಲ, ಬಣ್ಣ ಹಾಕಿದ್ದೀರಾ?’ ಅಂದರೆ ಸಿಟ್ಟಾಗಬೇಡಿ. ಬ್ಯಾಡಗಿ ಮೆಣಸಿನಕಾಯಿ ಹುರಿಯುವ ಪುಟ್ಟ ವಿಡಿಯೊ ಹಾಕಿ. ಅದರಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ತಿಳಿಸಿ. ‘ಎಷ್ಟು ದಿನ ಇಡಬಹುದು?’ ಎಂಬುದು ನಾಳೆಯ ವಿಷಯ. ಸ್ಟೇಟಸ್ 24 ಗಂಟೆಯಲ್ಲಿ ಮಾಯವಾಗುತ್ತದೆ, ಚೆನ್ನಾಗಿ ಬಂದದ್ದನ್ನು ಇನ್‌ಸ್ಟಾಗ್ರಾಂನಲ್ಲೂ ಹಾಕಿ. ಆದರೆ ಬೇರೆಯವರ ಫೋಟೊ ಕದ್ದು ನಿಮ್ಮದೆನ್ನಬೇಡಿ. ನಿಮ್ಮ ಅಡುಗೆಮನೆಯ ಹಳೇ ಬಾಣಲೆಯೇ ಸಾಕು. ಜನ ಕೊಳ್ಳುವುದು ಪುಡಿಯನ್ನಷ್ಟೇ ಅಲ್ಲ, ನಿಮ್ಮ ಮೇಲಿನ ನಂಬಿಕೆಯಿಂದ ತಾನೇ?