ಕಣ್ಣಿಗೆ ಪೆಟ್ಟಾದಾಗ



ಹೊಸೂರಿನ ಕಾರ್ಖಾನೆಗಳಲ್ಲಿ ಗ್ರೈಂಡಿಂಗ್ ಚಕ್ರದ ಮುಂದೆ ನಿಲ್ಲುವವರು, ಡೆಂಕಣಿಕೋಟೆ ಕಡೆ ಕಲ್ಲು ಒಡೆಯುವವರು, ಗುಲಾಬಿ ತೋಟಗಳಲ್ಲಿ ಹೂ ಕೊಯ್ಯುವ ತಾಯಂದಿರು, ಗಾರೆ ಕೆಲಸದವರು, ಇವರೆಲ್ಲರ ಕೈಯಷ್ಟೇ ಕಣ್ಣೂ ದುಡಿಯುತ್ತದೆ. ಕೈಗೆ ಗಾಯವಾದರೆ ಆಸ್ಪತ್ರೆಗೆ ಓಡುತ್ತೇವೆ. ಕಣ್ಣಿಗೆ ಏನಾದರೂ ಬಿದ್ದರೆ ಮಾತ್ರ ಪಕ್ಕದವನನ್ನು ಕರೆದು "ಸ್ವಲ್ಪ ತೆಗಿಯಪ್ಪ" ಎನ್ನುತ್ತೇವೆ. ಅವನು ಬೆಂಕಿಕಡ್ಡಿಯನ್ನೋ ಟವೆಲಿನ ತುದಿಯನ್ನೋ ಹಿಡಿದು ಬರುತ್ತಾನೆ. ಬರುವುದು ಪ್ರೀತಿಯಿಂದಲೇ. ಆದರೆ ಕರಿಗುಡ್ಡೆ ಗೀರಿ ಹುಣ್ಣಾಗುವುದಕ್ಕೆ ಅಷ್ಟು ಸಾಕು. ವೈದ್ಯರು ಸಿಗುವ ತನಕ ಗಾಯಾಳುವಿನ ಕಣ್ಣು ಜೊತೆಗಾರರ ಕೈಯಲ್ಲಿರುತ್ತದೆ. ಆ ಕೈಗೆ ತಿಳಿವಳಿಕೆ ಬೇಕು.

ದೂಳು ಬಿದ್ದರೆ ಉಜ್ಜಬಾರದು. ಪಟಪಟನೆ ರೆಪ್ಪೆ ಬಡಿದು, ಶುದ್ಧ ನೀರಿನಿಂದ ತೊಳೆಯಬೇಕು. ಹೋಗದಿದ್ದರೆ ಕೆದಕದೆ ವೈದ್ಯರಲ್ಲಿಗೆ ಹೋಗಬೇಕು.

ಸುಣ್ಣ, ಸಿಮೆಂಟು, ಬ್ಯಾಟರಿ ಆಸಿಡ್, ಬೆಳೆಗೆ ಹೊಡೆಯುವ ಔಷಧಿ ಬಿದ್ದರೆ ಒಂದು ನಿಮಿಷವೂ ತಡ ಮಾಡಬಾರದು. ಸುಣ್ಣ ಆಸಿಡ್‌ಗಿಂತಲೂ ಒಳಕ್ಕೆ ಸುಡುತ್ತಾ ಹೋಗುತ್ತದೆ. ಹತ್ತಿರದ ನಲ್ಲಿಯಲ್ಲೇ ರೆಪ್ಪೆ ಬಿಡಿಸಿ ಹಿಡಿದು, ನೊಂದ ಕಣ್ಣು ಕೆಳಬದಿಗೆ ಬರುವಂತೆ ತಲೆ ವಾಲಿಸಿ, 20ರಿಂದ 30 ನಿಮಿಷ ಬಿಡದೆ ತೊಳೆಯಬೇಕು. ಆಮೇಲೆ ಆಸ್ಪತ್ರೆ. ಬಿದ್ದ ವಸ್ತುವಿನ ಡಬ್ಬಿಯನ್ನೂ ಒಯ್ಯಿರಿ.

ಉಕ್ಕಿನ ಚೂರು, ಕಲ್ಲಿನ ಚಕ್ಕೆ, ಮುಳ್ಳು ಚುಚ್ಚಿ ನೆಟ್ಟಿದ್ದರೆ ಕ್ರಮವೇ ಬೇರೆ. ಕೀಳಬಾರದು, ಒತ್ತಬಾರದು, ತೊಳೆಯಲೂಬಾರದು. ಕಾಗದದ ಲೋಟದ ತಳವನ್ನು ಕತ್ತರಿಸಿ, ಕಣ್ಣಿಗೆ ತಾಕದಂತೆ ಮೇಲೆ ಮುಚ್ಚಿ, ಹಣೆಗೂ ಕೆನ್ನೆಗೂ ಪಟ್ಟಿ ಅಂಟಿಸಿರಿ. ಆಪರೇಷನ್ ಬೇಕಾಗಬಹುದಾದ್ದರಿಂದ ತಿನ್ನಲು ಕುಡಿಯಲು ಏನೂ ಕೊಡಬೇಡಿರಿ. ಸುತ್ತಿಗೆಯ ಏಟಿಗೆ ಸಿಡಿದ ಸಣ್ಣ ಚೂರು ಹೆಚ್ಚು ನೋವಿಲ್ಲದೆ ಒಳಗೆ ಸೇರಿಬಿಡಬಹುದು. ಒಳಗೆ ಉಳಿದ ಕಬ್ಬಿಣ ಕ್ರಮೇಣ ದೃಷ್ಟಿಯನ್ನೇ ತಿನ್ನುತ್ತದೆ. ಮಂಜಾಗಿ ಕಂಡರೆ ಅಂದೇ ತೋರಿಸಿರಿ.

ವೆಲ್ಡಿಂಗ್ ಬೆಳಕು ತಾಕಿದವರಿಗೆ ರಾತ್ರಿ ಮರಳು ಸುರಿದಂತೆ ಉರಿ ಬರುತ್ತದೆ. ಕತ್ತಲ ಕೋಣೆ, ತಣ್ಣೀರು ಬಟ್ಟೆ, ವಿಶ್ರಾಂತಿಯಿಂದ ಒಂದೆರಡು ದಿನದಲ್ಲಿ ಇಳಿಯುತ್ತದೆ. ಇಳಿಯದಿದ್ದರೆ ವೈದ್ಯರು ನೋಡಬೇಕು. ನೋವು ಮರಗಟ್ಟಿಸುವ ಹನಿಯನ್ನು ಅಂಗಡಿಯಿಂದ ತಂದು ಹಾಕಿಕೊಂಡರೆ ಗಾಯ ಮಾಯದೆ ಉಳಿಯುತ್ತದೆ.

ಮೊಲೆಹಾಲು, ಎಲೆಯ ರಸ, ಹರಳೆಣ್ಣೆ ಯಾವುದೂ ಬೇಡ. ಮುಳ್ಳು, ಪೈರಿನ ಗರಿ ಗೀರಿದ ಕಣ್ಣಿನಲ್ಲಿ ಬೂಷ್ಟು ಬೆಳೆಯಬಹುದು. ಯಾರೋ ಕೊಟ್ಟ ಸ್ಟಿರಾಯ್ಡ್ ಹನಿ ಅದನ್ನು ಇನ್ನೂ ಬೆಳೆಸುತ್ತದೆ.

ಇಷ್ಟು ತಿಳಿದೂ ಕಾರ್ಮಿಕನು ಆಸ್ಪತ್ರೆಗೆ ಹೋಗಲು ಹಿಂಜರಿಯುವುದೇಕೆ? ಅರ್ಧ ದಿನದ ಕೂಲಿ ಹೋಗುತ್ತದೆಂದು. ನಾಳೆ ಮೇಸ್ತ್ರಿ ಕರೆಯುವುದಿಲ್ಲವೆಂದು. 1923ರ ಪರಿಹಾರ ಕಾಯಿದೆಯ ಪಟ್ಟಿ ಒಂದು ಕಣ್ಣು ಹೋದರೆ ದುಡಿಯುವ ಶಕ್ತಿಯಲ್ಲಿ ಶೇಕಡ 40 ನಷ್ಟವೆಂದು ಲೆಕ್ಕ ಹಾಕಿತ್ತು. ಅರ್ಧ ದಿನದ ಕೂಲಿಯನ್ನು ಇದರ ಪಕ್ಕದಲ್ಲಿಟ್ಟು ತೂಗಿ ನೋಡಿರಿ. ಚೂರು ಸಿಡಿಯುವೆಡೆ ಪರದೆ ಅಥವಾ ಕನ್ನಡಕ ಬೇಕೆಂಬ ಮಾತು 1948ರ ಕಾರ್ಖಾನೆ ಕಾಯಿದೆಯ 35ನೆಯ ಕಲಮಿನಲ್ಲೇ ಬಂದಿತ್ತು. 2025ರ ನವೆಂಬರಿನಲ್ಲಿ ಆ ಕಾಯಿದೆಯ ಜಾಗಕ್ಕೆ ಹೊಸ ಸಂಹಿತೆ ಬಂದಿದೆ. ಕಾಯಿದೆಯ ಹೆಸರು ಬದಲಾದ ಮಾತ್ರಕ್ಕೆ ಮಾಲೀಕರ ಹೊಣೆ ತೀರಲಿಲ್ಲ.

ಆದ್ದರಿಂದ ನಾವು ಕೇಳುವುದು ಇಷ್ಟೇ: ಕೆಲಸದ ಜಾಗದ ಪಕ್ಕದಲ್ಲೇ ನೀರು, ಪ್ರತಿಯೊಬ್ಬರಿಗೂ ಅಳತೆಗೆ ಸರಿಯಾದ ಕನ್ನಡಕ, ಕಣ್ಣು ತೋರಿಸಲು ಹೋದವರ ಕೂಲಿಗೆ ಕತ್ತರಿಯಿಲ್ಲ. ನಮ್ಮ ಪಾಲಿನ ಕೆಲಸವೂ ಇದೆ. ಕೊಟ್ಟ ಕನ್ನಡಕವನ್ನು ಗೂಟಕ್ಕೆ ನೇತುಹಾಕದೆ ಹಾಕಿಕೊಳ್ಳೋಣ. ಓದು ಬಾರದ ಜೊತೆಗಾರರಿಗೆ ಈ ಪುಟವನ್ನು ಊಟದ ಬಿಡುವಿನಲ್ಲಿ ಗಟ್ಟಿಯಾಗಿ ಓದಿ ಹೇಳೋಣ.